450 ಡಾಲರ್ ಶುಲ್ಕ, 1 ಲಕ್ಷ ಪಾಯಿಂಟ್: ಒಂದೇ ಕಾರ್ಡ್‌ಗೆ ಎರಡು ವರ್ಷ, ಎರಡು ಉತ್ತರ

2016ರ ಆಗಸ್ಟ್‌ನಲ್ಲಿ ಅಮೆರಿಕದ ಚೇಸ್ ಬ್ಯಾಂಕ್ ‘ಸಫೈರ್ ರಿಸರ್ವ್’ ಅನ್ನೋ ಕ್ರೆಡಿಟ್ ಕಾರ್ಡ್ ಬಿಟ್ಟಿತು. ವಾರ್ಷಿಕ ಶುಲ್ಕ 450 ಡಾಲರ್. ಮೊದಲ ವರ್ಷಕ್ಕೂ ಮಾಫಿ ಇಲ್ಲ, ಮೊದಲ ಸ್ಟೇಟ್‌ಮೆಂಟಿನಲ್ಲೇ ಬಿಲ್ ಬೀಳುತ್ತದೆ. ಆದರೂ ಜನ ಮುಗಿಬಿದ್ದರು. ಕಾರ್ಡ್ ಮಾಡುವ ಲೋಹವೇ ಖಾಲಿಯಾಗಿ, ಬ್ಯಾಂಕ್ ಸ್ವಲ್ಪ ಕಾಲ ಪ್ಲಾಸ್ಟಿಕ್ ಕಾರ್ಡ್ ಕಳಿಸಿ ಸಮಾಧಾನ ಮಾಡಬೇಕಾಯಿತು. ಇಷ್ಟು ನೂಕುನುಗ್ಗಲಿಗೆ ಮುಖ್ಯ ಕಾರಣ ಸೇರ್ಪಡೆ ಬೋನಸ್: ಮೊದಲ ಮೂರು ತಿಂಗಳಲ್ಲಿ 4,000 ಡಾಲರ್ ಖರ್ಚು ಮಾಡಿದರೆ 1 ಲಕ್ಷ ಪಾಯಿಂಟ್.

ಇಷ್ಟು ಶುಲ್ಕ ಕೊಟ್ಟರೆ ಗಿಟ್ಟುತ್ತದೆಯೇ ಅಂತ ಈ ಕಾರ್ಡನ್ನೇ ಹಿಡಿದು ಒಂದು ಲೆಕ್ಕ ಪೂರ್ತಿ ಮಾಡಿ ನೋಡೋಣ. ಕಾರ್ಡ್ ಮತ್ತು ಅದರ ಆಗಿನ ನಿಯಮಗಳು ನಿಜ. ಮನೆ ಮಾತ್ರ ಲೆಕ್ಕಕ್ಕಾಗಿ ಕಟ್ಟಿಕೊಂಡದ್ದು. ಗಂಡ, ಹೆಂಡತಿ, ಇಬ್ಬರಿಗೂ ಕೆಲಸ, ಸಾಲ ಬಾಕಿ ಇಟ್ಟುಕೊಳ್ಳುವ ಅಭ್ಯಾಸ ಇಲ್ಲ. ಕೈಲಿ ಆಗಲೇ ಒಂದು ಶುಲ್ಕವಿಲ್ಲದ ಕಾರ್ಡ್ ಇದೆ, ಸಿಟಿ ಬ್ಯಾಂಕಿನ ‘ಡಬಲ್ ಕ್ಯಾಶ್’. ಕೊಂಡಾಗ ಶೇ. 1, ಬಿಲ್ ಕಟ್ಟಿದಾಗ ಇನ್ನೊಂದು ಶೇ. 1, ಒಟ್ಟು ಶೇ. 2 ವಾಪಸ್. ಈ ಶೇ. 2ರ ಕಾರ್ಡನ್ನು ನೆನಪಿಟ್ಟುಕೊಳ್ಳಿ, ಮುಂದೆ ಇಡೀ ಲೆಕ್ಕ ಇದರ ಮೇಲೇ ತಿರುಗುತ್ತದೆ.

ಮೊದಲು ಕಾರ್ಡ್ ಏನೇನು ಕೊಡುತ್ತಿತ್ತು ಅನ್ನೋದು. ಪ್ರಯಾಣಕ್ಕೂ ಹೋಟೆಲ್ ಊಟಕ್ಕೂ ಡಾಲರಿಗೆ 3 ಪಾಯಿಂಟ್, ಬೇರೆ ಎಲ್ಲಕ್ಕೂ 1. ವರ್ಷಕ್ಕೆ 300 ಡಾಲರ್ ಪ್ರಯಾಣ ಖರ್ಚು ತಾನಾಗಿಯೇ ವಾಪಸ್. ಪಾಯಿಂಟನ್ನು ನಗದು ಮಾಡಿದರೆ ಒಂದಕ್ಕೆ 1 ಸೆಂಟ್, ಬ್ಯಾಂಕಿನ ಪ್ರಯಾಣ ಜಾಲತಾಣದಲ್ಲಿ ಟಿಕೆಟ್ ಕೊಂಡರೆ ಒಂದಕ್ಕೆ 1.5 ಸೆಂಟ್, ಇಲ್ಲವೇ ವಿಮಾನ ಕಂಪನಿ, ಹೋಟೆಲ್ ಕಂಪನಿಗಳ ಖಾತೆಗೆ ಒಂದಕ್ಕೆ ಒಂದರಂತೆ ಕಳಿಸಬಹುದು. ವಿಮಾನ ನಿಲ್ದಾಣದ ಲೌಂಜಿಗೆ ಪ್ರವೇಶ. ವಿದೇಶಿ ವ್ಯವಹಾರಕ್ಕೆ ಹೆಚ್ಚುವರಿ ಶುಲ್ಕ ಇಲ್ಲ. ಅಮೆರಿಕಕ್ಕೆ ಮರಳುವಾಗ ಸಾಲಿನಲ್ಲಿ ನಿಲ್ಲದೆ ಬರುವ ‘ಗ್ಲೋಬಲ್ ಎಂಟ್ರಿ’ಯ 100 ಡಾಲರ್ ಅರ್ಜಿ ಶುಲ್ಕವೂ ವಾಪಸ್. ಮನೆಯ ಇನ್ನೊಬ್ಬರ ಹೆಸರಿಗೆ ಹೆಚ್ಚುವರಿ ಕಾರ್ಡ್ ಬೇಕೆಂದರೆ ಮತ್ತೆ 75 ಡಾಲರ್. ನಮ್ಮ ಮನೆಯವರು ಅದನ್ನು ತಗೊಳ್ಳಲಿಲ್ಲ, ಅಲ್ಲಿಗೆ ಅದು ಮುಗಿಯಿತು.

4,000 ಡಾಲರ್ ಎಲ್ಲಿಂದ?

ಬೋನಸ್ ಅಂದ ಕೂಡಲೇ ಎಲ್ಲರ ಕಣ್ಣು 1 ಲಕ್ಷದ ಮೇಲೆ ಹೋಗುತ್ತದೆ. ಮೊದಲು ನೋಡಬೇಕಾದ್ದು 4,000ದ ಕಡೆ. ಇಲ್ಲಿ ಎಡವಿದರೆ ಮುಂದಿನ ಲೆಕ್ಕ ಮಾಡೋದೇ ಬೇಡ.

ಈ ಮನೆಯಲ್ಲಿ ಕಾರ್ಡ್ ಮೂಲಕ ಹೋಗುವ ಖರ್ಚು ತಿಂಗಳಿಗೆ 1,150 ಡಾಲರ್. ದಿನಸಿ 450, ಪೆಟ್ರೋಲ್ 120, ಕರೆಂಟು, ಫೋನು, ಇಂಟರ್‌ನೆಟ್ ಸೇರಿ 230, ಹೊರಗಿನ ಊಟ 200, ಉಳಿದದ್ದು ಚಿಲ್ಲರೆ 150. ಮೂರು ತಿಂಗಳಿಗೆ 3,450 ಆಯಿತು. ಇನ್ನೂ 550 ಕಡಿಮೆ. ಬಾಡಿಗೆಯನ್ನು ಕಾರ್ಡಿನಲ್ಲಿ ಕಟ್ಟಬಹುದಲ್ಲ ಅನ್ನಿಸಬಹುದು. ಕಟ್ಟಬಹುದು, ಆದರೆ ಹಾಗೆ ಕಟ್ಟಿಸಿಕೊಳ್ಳುವ ಕಂಪನಿಗಳು ಸಾಮಾನ್ಯವಾಗಿ ಶೇ. 2.5ರಿಂದ 3ರಷ್ಟು ಹೆಚ್ಚುವರಿ ಹಣ ಕೇಳುತ್ತವೆ. ಬೋನಸ್‌ಗೆ ಕೊನೆಯ ಐನೂರು ಡಾಲರ್ ಮಾತ್ರ ಕಡಿಮೆ ಬಿದ್ದಿದ್ದರೆ ಹದಿನೈದು ಡಾಲರ್ ಕೊಟ್ಟು ಅದನ್ನು ಮುಗಿಸೋದು ತಪ್ಪಲ್ಲ. ಪ್ರತಿ ತಿಂಗಳು ಅದೇ ಮಾಡಿದರೆ ದಡ್ಡತನ.

ಈ ಮನೆಗೆ ಅದೂ ಬೇಕಾಗಲಿಲ್ಲ. ಕಾರಿನ ಆರು ತಿಂಗಳ ವಿಮೆ 480 ಡಾಲರ್ ಆ ಸಮಯಕ್ಕೇ ಕಟ್ಟೋದಿತ್ತು. ವರ್ಷದ ಕೊನೆಯ ರಜೆಗೆ 600 ಡಾಲರಿನ ವಿಮಾನ ಟಿಕೆಟ್ ತಗೊಳ್ಳೋದಿತ್ತು. ಎಲ್ಲ ಸೇರಿ 4,530. ಅಂದರೆ ಹೊಸದಾಗಿ ಒಂದು ಡಾಲರ್ ಕೂಡ ಖರ್ಚು ಮಾಡದೆ ಗುರಿ ಮುಟ್ಟಿತು, ಮೇಲೆ 530ರಷ್ಟು ಅಂತರವೂ ಉಳಿಯಿತು. ಆ ಅಂತರ ಸುಮ್ನೆ ಅಲ್ಲ. ಕೊಂಡ ವಸ್ತು ವಾಪಸ್ ಮಾಡಿದರೆ ಆ ಮೊತ್ತ ಲೆಕ್ಕದಿಂದ ಕಳೆದುಹೋಗುತ್ತದೆ. ವಾರ್ಷಿಕ ಶುಲ್ಕ 450 ಈ 4,000ದಲ್ಲಿ ಸೇರುವುದಿಲ್ಲ. ಕಾರ್ಡಿನಿಂದ ನಗದು ತೆಗೆದರೆ, ಬೇರೆ ಕಾರ್ಡಿನ ಬಾಕಿ ಇದಕ್ಕೆ ವರ್ಗಾಯಿಸಿದರೆ ಅವೂ ಸೇರುವುದಿಲ್ಲ. ಮೂರು ತಿಂಗಳು ಶುರುವಾಗೋದು ಖಾತೆ ತೆರೆದ ದಿನದಿಂದ, ಕಾರ್ಡ್ ಕೈಗೆ ಬಂದ ದಿನದಿಂದ ಅಲ್ಲ. ಅಂಚೆ ತಡವಾದರೆ ಆ ದಿನಗಳು ನಿಮ್ಮ ಲೆಕ್ಕದಿಂದಲೇ ಹೋಗುತ್ತವೆ.

ಅವರು ಸೆಪ್ಟೆಂಬರ್‌ನಲ್ಲಿ ಅರ್ಜಿ ಹಾಕಿದ್ದಕ್ಕೆ ಇದೇ ಕಾರಣ. ವಿಮೆ, ಟಿಕೆಟ್ ಎರಡೂ ಮುಂದಿನ ಮೂರು ತಿಂಗಳೊಳಗೆ ಬರುತ್ತಿದ್ದವು. ಫೆಬ್ರವರಿಯಲ್ಲಿ ಹಾಕಿದ್ದರೆ ಇದೇ ಮನೆ, ಇದೇ ಸಂಬಳ, 550 ಡಾಲರ್ ಕಡಿಮೆ ಬೀಳುತ್ತಿತ್ತು.

ಇನ್ನೊಂದು ಅಡ್ಡಿ ಇತ್ತು. ಹಿಂದಿನ 24 ತಿಂಗಳಲ್ಲಿ ಯಾವುದೇ ಬ್ಯಾಂಕಿನಿಂದ ಐದು ಅಥವಾ ಜಾಸ್ತಿ ಹೊಸ ಕಾರ್ಡ್ ತೆಗೆದವರಿಗೆ ಚೇಸ್ ತನ್ನ ಬಹುತೇಕ ಕಾರ್ಡ್ ಕೊಡುತ್ತಿರಲಿಲ್ಲ. ಬೋನಸ್‌ಗಾಗಿಯೇ ಕಾರ್ಡ್ ಕೂಡಿಹಾಕುವವರನ್ನು ದೂರ ಇಡಲು ಮಾಡಿದ ಬೇಲಿ ಅದು. ನಮ್ಮವರ ಬಳಿ ಇದ್ದದ್ದು ಒಂದೇ ಹಳೆಯ ಕಾರ್ಡ್, ದಾಟಿಕೊಂಡರು.

1 ಲಕ್ಷ ಪಾಯಿಂಟ್ ಅಂದರೆ ಎಷ್ಟು ದುಡ್ಡು?

ಇದರ ಮೇಲೆ ಮನೆಯಲ್ಲಿ ನಡೆದ ಮಾತು ಹೀಗೆ ಅಂದುಕೊಳ್ಳಿ.

“ಒಂದೂವರೆ ಸಾವಿರ ಡಾಲರ್ ಕಣೇ! ಶುಲ್ಕ ಕಳೆದರೂ ಸಾವಿರ ಉಳಿಯುತ್ತೆ.”

“ಒಂದೂವರೆ ಸಾವಿರ ಆಗೋದು ಅವರ ತಾಣದಲ್ಲೇ ಟಿಕೆಟ್ ಕೊಂಡರೆ ತಾನೇ? ನಾವು ವರ್ಷಕ್ಕೆ ಅಷ್ಟು ಓಡಾಡ್ತೀವಾ?”

“ಬೋನಸ್ ಇದ್ದರೆ ಓಡಾಡ್ತೀವಿ.”

“ಹಾಗಿದ್ರೆ ಅದು ಉಳಿತಾಯ ಹೇಗಾಯ್ತು?”

ಹೆಂಡತಿಯ ಪ್ರಶ್ನೆಯೇ ಸರಿ. ಪಾಯಿಂಟಿಗೆ ಒಂದು ಬೆಲೆ ಅಂತ ಇರುವುದಿಲ್ಲ, ನೀವು ಅದನ್ನು ಯಾವುದಕ್ಕೆ ಬಳಸುತ್ತೀರಿ ಅನ್ನೋದರ ಮೇಲೆ ಬೆಲೆ. ತಳದಲ್ಲಿ 1 ಸೆಂಟಿನ ನಗದು ಇದೆ. ಅಷ್ಟಂತೂ ಖಚಿತ, 1 ಲಕ್ಷಕ್ಕೆ 1,000 ಡಾಲರ್ ಬ್ಯಾಂಕ್ ಖಾತೆಗೆ ಬರುತ್ತದೆ. ಅದರ ಮೇಲಿನದ್ದೆಲ್ಲ ಷರತ್ತಿನ ಬೆಲೆ. ವಿಮಾನ ಕಂಪನಿಗೆ ಪಾಯಿಂಟ್ ಕಳಿಸಿ ಬಿಸಿನೆಸ್ ಕ್ಲಾಸ್ ಸೀಟು ಹಿಡಿದವರು, ನನಗೆ ಒಂದು ಪಾಯಿಂಟಿಗೆ 5 ಸೆಂಟ್ ಸಿಕ್ಕಿತು ಅಂತ ಹೇಳಿಕೊಳ್ಳುತ್ತಾರೆ. 5,000 ಡಾಲರ್ ಬೆಲೆಯ ಸೀಟನ್ನು 1 ಲಕ್ಷ ಪಾಯಿಂಟಿಗೆ ಪಡೆದರೆ ಲೆಕ್ಕ ಹಾಗೇ ಬರುತ್ತದೆ. ಆದರೆ ಆ ಮನುಷ್ಯ ತನ್ನ ಜೇಬಿನಿಂದ ಎಂದಾದರೂ 5,000 ಕೊಟ್ಟು ಆ ಸೀಟು ಕೊಳ್ಳುತ್ತಿದ್ದನೇ? ಇಲ್ಲ ಅಂದರೆ 5,000 ಉಳಿಯಿತು ಅನ್ನೋ ಮಾತಿಗೆ ಅರ್ಥ ಇಲ್ಲ. ಇಕಾನಮಿ ಸೀಟಿಗೆ 800 ಕೊಡುತ್ತಿದ್ದವನಾದರೆ ಉಳಿದದ್ದು 800, ಮೇಲಿನದು ಒಂದು ರಾತ್ರಿಯ ಸುಖ. ಸುಖಕ್ಕೂ ಬೆಲೆ ಇದೆ, ಬೇಡ ಅನ್ನೋದಿಲ್ಲ. ಶುಲ್ಕದ ಲೆಕ್ಕದಲ್ಲಿ ಅದನ್ನು ನಗದಿನ ಸಾಲಿನಲ್ಲಿ ಬರೆಯಬೇಡಿ ಅಷ್ಟೇ.

ಈ ಮನೆಯ ಪ್ರಯಾಣ ಖರ್ಚು ವರ್ಷಕ್ಕೆ ಸುಮಾರು 1,400 ಡಾಲರ್: ಎರಡು ವಿಮಾನ ಪ್ರಯಾಣ, ಒಂದಿಷ್ಟು ಹೋಟೆಲ್, ಪಾರ್ಕಿಂಗ್, ರೈಲು. ಅದರಲ್ಲಿ 300 ಡಾಲರ್ ಹೇಗೂ ಕಾರ್ಡಿನ ಪ್ರಯಾಣ ಮರುಪಾವತಿಯಿಂದ ಬರುತ್ತದೆ. ಪಾಯಿಂಟಿನಲ್ಲಿ ಕೊಂಡ ಟಿಕೆಟ್‌ಗೆ ಆ ಮರುಪಾವತಿ ಸಿಗದು, ಅದಕ್ಕಾಗಿ ಎರಡನ್ನೂ ಬೇರೆ ಇಡಬೇಕು. ಉಳಿದ 1,100 ಡಾಲರ್ ಪ್ರಯಾಣವನ್ನು 1.5 ಸೆಂಟಿನಂತೆ ಪಾಯಿಂಟಿನಲ್ಲಿ ಕೊಂಡರೆ 73,333 ಪಾಯಿಂಟ್ ಬೇಕು. ಉಳಿದ 26,667 ಪಾಯಿಂಟನ್ನು ನಗದು ಮಾಡಿದರೆ 267 ಡಾಲರ್. ಒಟ್ಟು 1,367. ಈ ಮನೆಗೆ 1 ಲಕ್ಷ ಪಾಯಿಂಟಿನ ನಿಜವಾದ ಬೆಲೆ ಇದು. 1,500 ಅಲ್ಲ, 5,000ವಂತೂ ಅಲ್ಲವೇ ಅಲ್ಲ.

ತೆರಿಗೆ ಬಗ್ಗೆ ಒಂದು ಮಾತು ಹೇಳಿ ಮುಂದೆ ಹೋಗೋಣ. ಅಮೆರಿಕದಲ್ಲಿ ಇಂತಿಷ್ಟು ಖರ್ಚು ಮಾಡಿ ಗಳಿಸಿದ ಕಾರ್ಡ್ ಬೋನಸ್ಸನ್ನು ಸಾಮಾನ್ಯವಾಗಿ ಆದಾಯ ಅಂತ ನೋಡುವುದಿಲ್ಲ, ಕೊಂಡ ಬೆಲೆಯಲ್ಲಿನ ರಿಯಾಯಿತಿ ಅಂತ ನೋಡುತ್ತಾರೆ. ಬ್ಯಾಂಕ್ ಖಾತೆ ತೆರೆದದ್ದಕ್ಕೆ ಸಿಗುವ ಬೋನಸ್ ಹಾಗಲ್ಲ, ಅದಕ್ಕೆ ಬಡ್ಡಿಯಂತೆ ತೆರಿಗೆ ಇದೆ. ಅದಕ್ಕೆ ಈ 1,367ರಲ್ಲಿ ತೆರಿಗೆ ಕಳೆದಿಲ್ಲ.

ಮೊದಲ ವರ್ಷ

300 ಡಾಲರ್ ಪ್ರಯಾಣ ಮರುಪಾವತಿಯಲ್ಲಿ ಆಗ ಒಂದು ಸಡಿಲ ಇತ್ತು. ಅದನ್ನು ಕಾರ್ಡ್ ತೆಗೆದ ದಿನದಿಂದ ವರ್ಷ ಎಣಿಸದೆ ಕ್ಯಾಲೆಂಡರ್ ವರ್ಷದ ಲೆಕ್ಕದಲ್ಲಿ ಕೊಡುತ್ತಿದ್ದರು. ಹಾಗಾಗಿ ಸೆಪ್ಟೆಂಬರ್‌ನಲ್ಲಿ ಸೇರಿದವರು 2016ಕ್ಕೆ ಒಂದು 300, 2017ಕ್ಕೆ ಇನ್ನೊಂದು 300, ಎರಡನ್ನೂ ಒಂದೇ ವಾರ್ಷಿಕ ಶುಲ್ಕದಲ್ಲಿ ಪಡೆದರು. ನಮ್ಮ ಮನೆಗೆ ವರ್ಷದ ಕೊನೆಯ 600 ಡಾಲರ್ ಟಿಕೆಟಿನಲ್ಲಿ ಮೊದಲ 300 ಬಂತು, ಮುಂದಿನ ವರ್ಷದ ಓಡಾಟದಲ್ಲಿ ಎರಡನೆಯ 300. ಚೇಸ್ ಲೆಕ್ಕದಲ್ಲಿ ಪಾರ್ಕಿಂಗ್, ಟೋಲ್, ಟ್ಯಾಕ್ಸಿ, ರೈಲು ಎಲ್ಲವೂ ಪ್ರಯಾಣವೇ. ಹಾಗಾಗಿ ಈ 300ಗಳನ್ನು ಪೂರ್ತಿ ಬೆಲೆಗೇ ಹಿಡಿಯಬಹುದು, ಹೇಗೂ ಆಗುತ್ತಿದ್ದ ಖರ್ಚು.

ಲೌಂಜಿಗೆ ಎಷ್ಟು ಬೆಲೆ ಕಟ್ಟೋಣ? ವರ್ಷಕ್ಕೆ ಎರಡು ಪ್ರಯಾಣ, ಪ್ರತಿ ಸಲ ಇಬ್ಬರು ನಿಲ್ದಾಣದಲ್ಲಿ ಕಾಫಿ ತಿಂಡಿಗೆ ಕೊಡುತ್ತಿದ್ದದ್ದು ಹೋಗುವಾಗ ಬರುವಾಗ ಸೇರಿ 30 ಡಾಲರ್ ಅಂತ ಹಿಡಿದರೆ 60. ಅಷ್ಟೇ ಬರೆದುಕೊಳ್ಳಿ. ಲೌಂಜ್ ಬಾಗಿಲಲ್ಲಿ ಹಾಕಿರುವ ಪ್ರವೇಶ ದರವನ್ನು ಗುಣಿಸಿ ಬರೆಯೋದು ಬೋನಸ್ ಪ್ರಿಯರ ಹಳೆಯ ಆಟ. ಗ್ಲೋಬಲ್ ಎಂಟ್ರಿ ಬೇಕು ಅಂತ ಇವರು ಯಾವತ್ತೂ ಅಂದುಕೊಂಡಿರಲಿಲ್ಲ, ಅದಕ್ಕೆ ಸೊನ್ನೆ.

ಇನ್ನು ಕಳೆದುಕೊಂಡದ್ದು. ಆ 4,530 ಡಾಲರ್ ಹಳೆಯ ಕಾರ್ಡಿನಲ್ಲಿ ಹೋಗಿದ್ದರೆ ಶೇ. 2ರಂತೆ ಸುಮಾರು 91 ಡಾಲರ್ ಬರುತ್ತಿತ್ತು. ಹೊಸ ಕಾರ್ಡಿನಲ್ಲಿ ಬೋನಸ್ ಬಿಟ್ಟು ಬಂದ ಪಾಯಿಂಟ್ 6,930: ಊಟ ಮತ್ತು ವಿಮಾನದ 1,200 ಡಾಲರಿಗೆ ಮೂರರಂತೆ, ಉಳಿದ 3,330ಕ್ಕೆ ಒಂದರಂತೆ. ಅದರ ಬೆಲೆ 69ರಿಂದ 104 ಡಾಲರ್. ಇದ್ದದ್ದು ಇದ್ದ ಹಾಗೇ, ಸಮ ಅಂತ ಬಿಟ್ಟುಬಿಡಬಹುದು. ಆದರೆ ನೋಡದೇ ಬಿಡಬಾರದು. ಎಲ್ಲ ಖರ್ಚಿಗೂ 1 ಪಾಯಿಂಟ್ ಮಾತ್ರ ಕೊಡುವ ಕಾರ್ಡಾಗಿದ್ದು ಗುರಿ 15,000 ಡಾಲರ್ ಇದ್ದಿದ್ದರೆ, ಇದೇ ಸಾಲಿನಲ್ಲಿ 150 ಡಾಲರ್ ಸದ್ದಿಲ್ಲದೆ ಸೋರಿಹೋಗುತ್ತಿತ್ತು.

ಕೂಡಿಸಿ. ಬಿಗಿಯಾಗಿ ಹಿಡಿದರೆ 1,000 ನಗದು, 600 ಮರುಪಾವತಿ, 450 ಕಳೆದರೆ 1,150 ಡಾಲರ್ ಲಾಭ. ಈ ಮನೆಯ ನಿಜವಾದ ಬಳಕೆ ಹಿಡಿದರೆ 1,367 ಮತ್ತು 600, ಅದರಲ್ಲಿ 450 ಹೋದರೆ 1,517. ಮೊದಲ ವರ್ಷದ ಬಗ್ಗೆ ಚರ್ಚೆಯೇ ಬೇಡ. ಲೌಂಜನ್ನು ಸೇರಿಸುವ ಅಗತ್ಯವೂ ಬೀಳಲಿಲ್ಲ. ಶುಲ್ಕ ಗಿಟ್ಟಿತೇ ಅನ್ನೋ ಪ್ರಶ್ನೆಗೆ ಉತ್ತರ ಹೇಳಲು ಲೌಂಜ್, ಕಾರ್ಡಿನ ಜೊತೆ ಬರುವ ವಿಮೆ, ರಿಯಾಯಿತಿ ಅಂತ ಎಲ್ಲವನ್ನೂ ಹುಡುಕಿ ತಂದು ಸೇರಿಸಬೇಕಾಗಿ ಬಂದರೆ, ಗಿಟ್ಟಿಲ್ಲ ಅಂತಲೇ ನಾನು ಓದಿಕೊಳ್ಳುತ್ತೇನೆ.

ಇದೇ ಲೆಕ್ಕ ತಲೆಕೆಳಗಾಗುವುದು ಹೇಗೆ

ಮನೆಯನ್ನು ಸ್ವಲ್ಪ ಬದಲಿಸಿ. ಅದೇ 4,000 ಖರ್ಚಾಯಿತು, ಆದರೆ ತಿಂಗಳ ಕೊನೆಗೆ ಪೂರ್ತಿ ಕಟ್ಟಲಿಲ್ಲ. ವರ್ಷಕ್ಕೆ ಶೇ. 20 ಬಡ್ಡಿ ಅಂತ ಹಿಡಿದು ಹನ್ನೆರಡು ಸಮ ಕಂತಿನಲ್ಲಿ ತೀರಿಸಿದರೆ ಬಡ್ಡಿಯೇ ಸುಮಾರು 446 ಡಾಲರ್. ಅಂದರೆ ಇನ್ನೊಂದು ವಾರ್ಷಿಕ ಶುಲ್ಕ. ತೀರಿಸದೆ ಪೂರ್ತಿ ವರ್ಷ ಹಾಗೇ ಇಟ್ಟರೆ 800ಕ್ಕೂ ಜಾಸ್ತಿ. ಬೋನಸ್‌ನ ಕಥೆ ಅಲ್ಲಿಗೆ ಮುಗಿಯಿತು. ಬಾಕಿ ಉಳಿಸಿಕೊಳ್ಳುವ ಅಭ್ಯಾಸ ಇರುವವರಿಗೆ ಈ ಇಡೀ ಬರಹ ಅನ್ವಯಿಸುವುದಿಲ್ಲ, ಅವರಿಗೆ ಬೇಕಾದ್ದು ಕಡಿಮೆ ಬಡ್ಡಿಯ ಕಾರ್ಡ್.

ಬಡ್ಡಿಯಾದರೂ ಬಿಲ್ಲಿನಲ್ಲಿ ಕಾಣುತ್ತದೆ. ಜಾಸ್ತಿ ಖರ್ಚು ಕಾಣುವುದಿಲ್ಲ. ಅಮೆರಿಕದ ಎಂಐಟಿ ವಿಶ್ವವಿದ್ಯಾಲಯದ ಡ್ರೇಜನ್ ಪ್ರೆಲೆಕ್ ಮತ್ತು ಡಂಕನ್ ಸಿಮೆಸ್ಟರ್ 2001ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ಬಾಸ್ಕೆಟ್‌ಬಾಲ್ ಟಿಕೆಟ್‌ಗಳನ್ನು ಹರಾಜಿಗಿಟ್ಟಿದ್ದರು. ಕೆಲವರಿಗೆ ನಗದಿನಲ್ಲೇ ಕೊಡಬೇಕು ಅಂದರು, ಕೆಲವರಿಗೆ ಕಾರ್ಡಿನಲ್ಲೇ ಕೊಡಬೇಕು ಅಂದರು. ಕಾರ್ಡಿನವರು ಕೂಗಿದ ಬೆಲೆ ನಗದಿನವರಿಗಿಂತ ಬಹಳ ಜಾಸ್ತಿ, ಹೆಚ್ಚುಕಡಿಮೆ ದುಪ್ಪಟ್ಟು. ಅದು ಬೋನಸ್ ಇಲ್ಲದ ಕಾರ್ಡ್ ಮಾತು. ಇನ್ನು 4,000 ಮುಟ್ಟಿದರೆ ಬಹುಮಾನ ಅಂತ ತಲೆಯಲ್ಲಿ ಕೂತಿರುವಾಗ, ಅಂಗಡಿಯಲ್ಲಿ ನಿಂತು “ಹೇಗೂ ಗುರಿ ಮುಟ್ಟಬೇಕಲ್ಲ” ಅಂತ ಕೊಂಡ 700 ಡಾಲರಿನ ಟಿವಿಯನ್ನು ಯಾವ ಸಾಲಿನಲ್ಲಿ ಬರೆಯುತ್ತೀರಿ? ಬೋನಸ್‌ನಿಂದ ಕಳೆಯಬೇಕು. ಯಾರೂ ಕಳೆಯುವುದಿಲ್ಲ.

ಇದಕ್ಕೊಂದು ಸರಳ ಉಪಾಯ ಇದೆ. ಅರ್ಜಿ ಹಾಕುವ ಮೊದಲೇ ಹಿಂದಿನ ಮೂರು ತಿಂಗಳ ಸ್ಟೇಟ್‌ಮೆಂಟ್ ತೆಗೆದು, ಒಟ್ಟು ಎಷ್ಟು ಅಂತ ಬರೆದಿಡಿ. ಬೋನಸ್ ಬಂದ ಮೇಲೆ ಈ ಮೂರು ತಿಂಗಳದ್ದನ್ನು ಪಕ್ಕ ಇಡಿ. ವ್ಯತ್ಯಾಸದಲ್ಲಿ ವಿಮೆ, ಟಿಕೆಟ್‌ನಂಥ ಮೊದಲೇ ಗೊತ್ತಿದ್ದ ಖರ್ಚು ಬಿಟ್ಟು ಉಳಿದದ್ದೆಲ್ಲ ಬೋನಸ್‌ನ ಬೆಲೆ.

ಎರಡನೇ ವರ್ಷ

ಬೋನಸ್ ಒಂದೇ ಸಲ, ಶುಲ್ಕ ಪ್ರತಿ ವರ್ಷ. 2017ರ ಶರತ್ಕಾಲದಲ್ಲಿ ಈ ಮನೆಗೆ ಮತ್ತೆ 450 ಡಾಲರ್ ಬಿಲ್ ಬರುತ್ತದೆ. ಆಗ ಮನಸ್ಸು ಒಂದು ಆಟ ಆಡುತ್ತದೆ: “ಹೋದ ವರ್ಷ ಸಾವಿರದ ಐನೂರು ಬಂತಲ್ಲ, 450 ಹೋದರೆ ಹೋಗಲಿ.” ಹೋದ ವರ್ಷದ ಲಾಭ ಆಗಲೇ ಜೇಬಿನಲ್ಲಿದೆ. ಕಾರ್ಡ್ ಇಟ್ಟುಕೊಂಡರೂ ಇದೆ, ಮುಚ್ಚಿದರೂ ಇದೆ. ಅದನ್ನು ಈ ವರ್ಷದ ಶುಲ್ಕಕ್ಕೆ ಸಮರ್ಥನೆಯಾಗಿ ಎರಡನೇ ಸಲ ಬಳಸೋ ಹಾಗಿಲ್ಲ. ಆ ಬೋನಸ್ ಬಂದೇ ಇಲ್ಲ ಅಂದುಕೊಂಡು, ಇವತ್ತು ಈ ಕಾರ್ಡನ್ನು 450ಕ್ಕೆ ಕೊಳ್ಳುತ್ತೇನಾ ಅಂತ ಕೇಳಿಕೊಳ್ಳಬೇಕು.

2017ರ 300 ಆಗಲೇ ಬಳಸಿಯಾಗಿದೆ, ಹಾಗಾಗಿ ಎರಡನೇ ಶುಲ್ಕಕ್ಕೆ ಒಂದೇ 300 ಎದುರು ನಿಲ್ಲುತ್ತದೆ. ಉಳಿಯುವ ನಿಜವಾದ ಶುಲ್ಕ 150. ಇದನ್ನು ಪಾಯಿಂಟ್ ಗಳಿಸಿಕೊಡಬೇಕು.

ವರ್ಷಕ್ಕೆ ಹೊರಗಿನ ಊಟ 2,400, ಪ್ರಯಾಣ 1,400, ಒಟ್ಟು 3,800 ಡಾಲರ್. ಮೂರರಂತೆ 11,400 ಪಾಯಿಂಟ್. ನಗದಾದರೆ 114, ಪ್ರಯಾಣಕ್ಕಾದರೆ 171. ಇದೇ 3,800ಕ್ಕೆ ಹಳೆಯ ಶೇ. 2ರ ಕಾರ್ಡ್ ಕೊಡುವುದು 76. ಅಂದರೆ ಹೊಸ ಕಾರ್ಡಿನಿಂದ ಹೆಚ್ಚುವರಿಯಾಗಿ ಸಿಗುವುದು 38ರಿಂದ 95 ಡಾಲರ್. ಕೊಡಬೇಕಾದ್ದು 150. ನಷ್ಟ 55ರಿಂದ 112. ಲೌಂಜಿನ 60ನ್ನು ಈಗ ತಂದು ಸೇರಿಸಿದರೂ, ಎಲ್ಲವೂ ಒಳ್ಳೆಯದೇ ಆದರೆ, 5 ಡಾಲರ್ ಲಾಭ. ಮೊದಲ ವರ್ಷ ಸಾವಿರದ ಐನೂರು ಕೊಟ್ಟ ಅದೇ ಕಾರ್ಡ್ ಇದು.

ಎಷ್ಟು ಖರ್ಚಿದ್ದರೆ ಗಿಟ್ಟುತ್ತಿತ್ತು? ಪ್ರಯಾಣಕ್ಕೆ ಬಳಸುವವರಿಗೆ 3 ಪಾಯಿಂಟ್ ಅಂದರೆ ಶೇ. 4.5, ಹಳೆಯ ಕಾರ್ಡಿಗಿಂತ ಶೇ. 2.5 ಜಾಸ್ತಿ. 150 ಬರಬೇಕೆಂದರೆ ಊಟ ಮತ್ತು ಪ್ರಯಾಣಕ್ಕೆ ವರ್ಷಕ್ಕೆ 6,000 ಡಾಲರ್ ಹೋಗಬೇಕು. ನಗದು ಮಾಡಿಕೊಳ್ಳುವವರಿಗೆ ವ್ಯತ್ಯಾಸ ಬರೀ ಶೇ. 1, ಹಾಗಾಗಿ 15,000 ಡಾಲರ್ ಬೇಕು. ಈ ಮನೆಯದು 3,800. ಕೆಲಸಕ್ಕಾಗಿ ವಾರ ವಾರ ಓಡಾಡುವವರಿಗೆ, ಕಂಪನಿ ಆಮೇಲೆ ಹಣ ವಾಪಸ್ ಕೊಡುವವರಿಗೆ 6,000 ಏನೂ ಅಲ್ಲ. ಶುಲ್ಕ, ನಿಯಮ ಹೀಗೇ ಇರುವ ತನಕ ಅವರಿಗೆ ಈ ಕಾರ್ಡ್ ಎರಡನೇ ವರ್ಷವೂ ಸರಿ, ಆಮೇಲೂ ಸರಿ.

ಇಲ್ಲಿ ಜನ ಬಹಳ ಸಲ ತಪ್ಪು ಹೋಲಿಕೆ ಮಾಡುತ್ತಾರೆ, ಅದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಚೇಸ್‌ನದ್ದೇ ಇನ್ನೊಂದು ಕಾರ್ಡ್ ಇತ್ತು, ‘ಸಫೈರ್ ಪ್ರಿಫರ್ಡ್’. ಶುಲ್ಕ 95, ಊಟಕ್ಕೂ ಪ್ರಯಾಣಕ್ಕೂ 2 ಪಾಯಿಂಟ್, ಪ್ರಯಾಣಕ್ಕೆ ಬಳಸಿದರೆ ಒಂದಕ್ಕೆ 1.25 ಸೆಂಟ್. ಅಂದರೆ ಶೇ. 2.5. ರಿಸರ್ವ್‌ನ ನಿಜ ಶುಲ್ಕ 150, ಇದರದ್ದು 95, ಅಂತರ 55. ರಿಸರ್ವ್ ಶೇ. 2 ಜಾಸ್ತಿ ಕೊಡುತ್ತದೆ. ಹಾಗಾದರೆ ಊಟ, ಪ್ರಯಾಣಕ್ಕೆ ವರ್ಷಕ್ಕೆ 2,750 ಡಾಲರ್ ದಾಟಿದರೆ ರಿಸರ್ವ್ ವಾಸಿ. ನಮ್ಮ ಮನೆಯದು 3,800, ಹಾಗಾಗಿ ರಿಸರ್ವ್ ಗೆದ್ದಿತು!

ಗೆದ್ದದ್ದು ಯಾರ ಮೇಲೆ? ಇನ್ನೊಂದು ಸೋತ ಕಾರ್ಡಿನ ಮೇಲೆ. ಪ್ರಿಫರ್ಡ್ ಈ ಮನೆಗೆ ಶೇ. 2ರ ಕಾರ್ಡಿಗಿಂತ ಜಾಸ್ತಿ ಕೊಡುವುದು ಶೇ. ಅರ್ಧ, 3,800ಕ್ಕೆ 19 ಡಾಲರ್. ಅದಕ್ಕೆ ಕೇಳುವುದು 95. ಎರಡೂ ಕಾರ್ಡ್ ಈ ಮನೆಗೆ ನಷ್ಟವೇ, ಒಂದು ಇನ್ನೊಂದಕ್ಕಿಂತ ಸ್ವಲ್ಪ ಕಡಿಮೆ ನಷ್ಟ. ಶುಲ್ಕದ ಕಾರ್ಡನ್ನು ಇನ್ನೊಂದು ಶುಲ್ಕದ ಕಾರ್ಡಿನ ಪಕ್ಕ ಇಟ್ಟು ತೂಗಿದರೆ ಯಾವುದೋ ಒಂದು ಗೆದ್ದೇ ಗೆಲ್ಲುತ್ತದೆ. ತೂಗಬೇಕಾದ್ದು ಶುಲ್ಕವಿಲ್ಲದೆ ನಿಮಗೆ ಸಿಗುವ ಒಳ್ಳೆಯ ಕಾರ್ಡಿನ ಎದುರು.

ಬ್ಯಾಂಕ್ ಯಾಕೆ ಕೊಟ್ಟಿತು

4,000 ಡಾಲರ್ ಖರ್ಚಿನಿಂದ ಬ್ಯಾಂಕಿಗೆ ವ್ಯಾಪಾರಿಗಳ ಕಡೆಯಿಂದ ಬರುವ ಶುಲ್ಕ ಇಂಥ ದುಬಾರಿ ಕಾರ್ಡಿನಲ್ಲಿ ಶೇ. 2ರ ಆಸುಪಾಸು ಅಂತ ಹಿಡಿಯಿರಿ, 80 ಡಾಲರ್. ಕೊಟ್ಟದ್ದು ಸಾವಿರಕ್ಕೂ ಮೇಲೆ. ಬ್ಯಾಂಕಿಗೆ ಮೊದಲ ವರ್ಷ ನಷ್ಟ ಅನ್ನೋದರಲ್ಲಿ ಗುಟ್ಟೇನೂ ಇಲ್ಲ. 2016ರ ಡಿಸೆಂಬರ್‌ನಲ್ಲಿ ಜೆಪಿ ಮಾರ್ಗನ್ ಚೇಸ್ ಮುಖ್ಯಸ್ಥ ಜೇಮಿ ಡೈಮನ್, ಈ ಕಾರ್ಡಿನಿಂದ ಆ ತ್ರೈಮಾಸಿಕದ ಲಾಭ 20ರಿಂದ 30 ಕೋಟಿ ಡಾಲರ್ ತಗ್ಗುತ್ತದೆ ಅಂತ ಬಹಿರಂಗವಾಗಿಯೇ ಹೇಳಿದರು. ಬೇಸರದಿಂದಲ್ಲ. ಎರಡನೇ ವರ್ಷ, ಐದನೇ ವರ್ಷ ಶುಲ್ಕ ಕಟ್ಟುತ್ತಾ ಇರುವ ಸಿರಿವಂತ ಗ್ರಾಹಕರನ್ನು ಕೊಂಡ ಬೆಲೆ ಅದು. ಅಂದರೆ ಬ್ಯಾಂಕ್ ಪಂದ್ಯ ಕಟ್ಟಿದ್ದೇ ನೀವು ಎರಡನೇ ವರ್ಷದ ಲೆಕ್ಕ ಮಾಡುವುದಿಲ್ಲ ಅನ್ನೋದರ ಮೇಲೆ.

ಯುರೋಪಿನಲ್ಲಿ ಇಂಥ ಬೋನಸ್ ಯಾಕೆ ಅಷ್ಟಾಗಿ ಕಾಣುವುದಿಲ್ಲ ಅನ್ನೋದಕ್ಕೂ ಉತ್ತರ ಇಲ್ಲೇ ಇದೆ. 2015ರ ಡಿಸೆಂಬರ್‌ನಿಂದ ಐರೋಪ್ಯ ಒಕ್ಕೂಟದಲ್ಲಿ ಗ್ರಾಹಕರ ಕ್ರೆಡಿಟ್ ಕಾರ್ಡ್ ಮೇಲೆ ವ್ಯಾಪಾರಿಗಳ ಕಡೆಯಿಂದ ಬ್ಯಾಂಕಿಗೆ ಹೋಗುವ ಶುಲ್ಕಕ್ಕೆ ಶೇ. 0.3ರ ಮಿತಿ ಇದೆ. 4,000ಕ್ಕೆ 12. ಹನ್ನೆರಡರಲ್ಲಿ ಯಾರು ಏನು ಹಂಚುತ್ತಾರೆ?

ವಾರ್ಷಿಕ ಶುಲ್ಕ ಅಂದರೆ ಬರೀ ಸೌಲಭ್ಯದ ಬೆಲೆ ಅಂತಲೂ ಅಂದುಕೊಳ್ಳಬೇಡಿ. 1958ರಲ್ಲಿ ಅಮೆರಿಕನ್ ಎಕ್ಸ್‌ಪ್ರೆಸ್ ತನ್ನ ಮೊದಲ ಕಾರ್ಡ್ ತಂದಾಗ ಶುಲ್ಕ 6 ಡಾಲರ್ ಇಟ್ಟಿತು. ಎದುರಾಳಿ ಡೈನರ್ಸ್ ಕ್ಲಬ್‌ನದ್ದು 5 ಇತ್ತು. ಆ ಒಂದು ಡಾಲರ್ ಹೆಚ್ಚಿಟ್ಟದ್ದು ನಾವು ಮೇಲ್ದರ್ಜೆಯವರು ಅಂತ ತೋರಿಸಲು. ಇವತ್ತಿನ ಲೋಹದ ಕಾರ್ಡ್ ಮೇಜಿನ ಮೇಲೆ ಬಿದ್ದಾಗ ಆಗುವ ಸದ್ದಿಗೂ ಅದೇ ಕೆಲಸ.

ತಡವಾಗಿ ಬಂದವರು

ಆನ್‌ಲೈನ್‌ನಲ್ಲಿ ಬೋನಸ್ 2017ರ ಜನವರಿ 12ಕ್ಕೆ 50,000ಕ್ಕೆ ಇಳಿಯಿತು. ಶಾಖೆಗೆ ಹೋದವರಿಗೆ ಮಾರ್ಚ್‌ವರೆಗೆ 1 ಲಕ್ಷವೇ ಸಿಗುತ್ತಿತ್ತು. ಅದಾದ ಮೇಲೆ ಮೇ ತಿಂಗಳ ಕೊನೆಯಿಂದ ಅರ್ಜಿ ಹಾಕಿದವರಿಗೆ 300ರ ಮರುಪಾವತಿ ಕಾರ್ಡಿನ ವರ್ಷಕ್ಕೆ ಒಂದೇ ಸಲ ಅಂತಾಯಿತು, ಎರಡು ಸಲದ ಸಡಿಲ ಹೋಯಿತು. ಮೇ ನಂತರ ಸೇರಿದ ಇದೇ ಮನೆಗೆ ಬಿಗಿ ಲೆಕ್ಕದಲ್ಲಿ 500 ಮತ್ತು 300, ಕಳೆದರೆ 450, ಉಳಿಯುವುದು 350. ಈಗಲೂ ಲಾಭವೇ. ಆದರೆ ಎರಡನೇ ಶುಲ್ಕವನ್ನು ಮರೆತು ಕಟ್ಟಿದರೆ ಅದರಲ್ಲಿ ಒಂದು ಪಾಲು ಹೋಗುತ್ತದೆ, ಮೂರು ನಾಲ್ಕು ವರ್ಷ ಮರೆತರೆ ಪೂರ್ತಿ ಹೋಗುತ್ತದೆ. ದೊಡ್ಡ ಬೋನಸ್ ಮರೆವನ್ನು ತಡೆದುಕೊಳ್ಳುತ್ತದೆ, ಸಣ್ಣ ಬೋನಸ್ ತಡೆದುಕೊಳ್ಳದು.

ಶುಲ್ಕ 2020ರಲ್ಲಿ 550 ಆಯಿತು, 2025ರಲ್ಲಿ 795. ಜೊತೆಗೆ ಊಟ ತರಿಸುವ ಆ್ಯಪ್, ಟ್ಯಾಕ್ಸಿ, ಹೋಟೆಲ್ ಅಂತ ಕೂಪನ್‌ಗಳ ಗೊಂಚಲೇ ಬಂತು. ಹೊಸಬರಿಗೆ ಎಲ್ಲ ಟಿಕೆಟ್‌ಗೂ ಸಿಗುತ್ತಿದ್ದ 1.5 ಸೆಂಟಿನ ಸ್ಥಿರ ಬೆಲೆ ಹೋಯಿತು. ಕೂಪನ್‌ಗಳಿಗೆ ಬೆಲೆ ಕಟ್ಟುವಾಗ, ಕಾರ್ಡ್ ಇಲ್ಲದಿದ್ದರೂ ನೀವು ಕೊಳ್ಳುತ್ತಿದ್ದದ್ದಕ್ಕೆ ಮಾತ್ರ ಪೂರ್ತಿ ಬೆಲೆ ಕೊಡಿ. ಉಳಿದದ್ದಕ್ಕೆ ಹತ್ತಕ್ಕೆ ಎರಡು ಮೂರು ಕೊಟ್ಟರೆ ಜಾಸ್ತಿಯೇ ಆಯಿತು.

ಮನೆಯವರು ಏನು ಮಾಡಿದರು

2017ರಲ್ಲಿ ಎರಡನೇ ಶುಲ್ಕ ಬಿದ್ದ ಸ್ಟೇಟ್‌ಮೆಂಟ್ ಬಂದ ಮೇಲೆ ಅವರಿಗೆ 30 ದಿನ ಇತ್ತು, ಅಷ್ಟರೊಳಗೆ ಬೇಡ ಅಂದರೆ ಶುಲ್ಕ ವಾಪಸ್. ಕಾರ್ಡ್ ಮುಚ್ಚಲಿಲ್ಲ, ಅದನ್ನೇ ಶುಲ್ಕವಿಲ್ಲದ ‘ಫ್ರೀಡಂ ಅನ್‌ಲಿಮಿಟೆಡ್’ ಕಾರ್ಡಾಗಿ ಬದಲಿಸಿಕೊಂಡರು. ಮುಚ್ಚಿದ್ದರೆ, ಚೇಸ್‌ನ ಬೇರೆ ಕಾರ್ಡ್ ಇಲ್ಲದ ಅವರ ಉಳಿದ ಪಾಯಿಂಟೆಲ್ಲ ಹೋಗುತ್ತಿತ್ತು. ಬದಲಿಸಿದರೆ ಪಾಯಿಂಟ್ ಉಳಿಯುತ್ತದೆ, ಖಾತೆಯ ವಯಸ್ಸೂ ಉಳಿಯುತ್ತದೆ. ಆದರೆ 1.5 ಸೆಂಟಿನ ಬೆಲೆ ಮತ್ತು ವಿಮಾನ ಕಂಪನಿಗೆ ಪಾಯಿಂಟ್ ಕಳಿಸುವ ಅವಕಾಶ ಹೋಗುತ್ತದೆ. ಅದಕ್ಕೇ ಬದಲಿಸುವ ಮೊದಲೇ ಮುಂದಿನ ರಜೆಯ ಟಿಕೆಟನ್ನೂ ಪಾಯಿಂಟಿನಲ್ಲಿ ಕೊಂಡು ಮುಗಿಸಿದ್ದರು. ಈ ಕೆಲಸ ಹೆಂಡತಿ ಮಾಡಿದ್ದು, ಮೊದಲ ದಿನವೇ ಫೋನಿನ ಕ್ಯಾಲೆಂಡರಿನಲ್ಲಿ ಹನ್ನೊಂದನೇ ತಿಂಗಳಿಗೆ ಒಂದು ಜ್ಞಾಪನೆ ಹಾಕಿಟ್ಟಿದ್ದರಿಂದ.

ಇನ್ನೊಂದು ಸಲ ಇದೇ ಬೋನಸ್ ಪಡೆಯೋಣ ಅಂತ ಗಂಡನಿಗೆ ಆಸೆ ಇತ್ತು. ಬೋನಸ್ ಬಂದು 24 ತಿಂಗಳಾದರೆ ಮತ್ತೆ ಸಿಗುತ್ತದೆ ಅನ್ನೋ ನಿಯಮವನ್ನು ನಂಬಿಕೊಂಡಿದ್ದ. 2018ರ ಆಗಸ್ಟ್‌ನಲ್ಲಿ ಬ್ಯಾಂಕ್ ಅದನ್ನು 48 ತಿಂಗಳು ಮಾಡಿತು. 2016ರ ಕೊನೆಗೆ ಬೋನಸ್ ಬಂದಿದ್ದ ಈ ಮನೆಯ ಸರದಿ ಮತ್ತೆ ಬಂದದ್ದು 2020ರ ಕೊನೆಗೆ. ಅಷ್ಟು ಹೊತ್ತಿಗೆ ಶುಲ್ಕ 550, ಜನರ ಓಡಾಟವೇ ನಿಂತುಹೋಗಿತ್ತು, ವರ್ಷಕ್ಕೆ 1,400 ಡಾಲರ್ ಪ್ರಯಾಣ ಅನ್ನೋ ಸಾಲಿನಲ್ಲಿ ಬರೆಯಲು ಏನೂ ಇರಲಿಲ್ಲ. ಅರ್ಜಿ ಹಾಕಲಿಲ್ಲ.